ಬರೆದ ಹೆಸರು, ಕರೆದ ಹೆಸರು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ಊರುಗಳ ಹೆಸರನ್ನು ಮೊದಲು ಹೇಳುತ್ತೇನೆ: ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ. ಕಿವಿಯಿಂದ ಕೇಳುತ್ತಿರುವ ನಿಮಗೆ ಈ ಹೆಸರುಗಳಲ್ಲಿ ಯಾವ ತೊಡಕೂ ಕಾಣದು. ಆದರೆ ಇವೇ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಬಸ್ಸಿನ ಫಲಕವನ್ನು ಈ ಸೀಮೆಗೆ ಹೊಸಬನಾದ ಒಬ್ಬನಿಗೆ ತೋರಿಸಿ ನೋಡಿ. ದಾಂಡೇಲಿಯಲ್ಲಿ ಎರಡು 'ಡಿ'ಗಳಿವೆ. ಮೊದಲನೆಯದು ನಾಲಗೆಯನ್ನು ಹಲ್ಲಿಗೆ ತಾಗಿಸಿ ಹೇಳುವ ದಕಾರ. ಎರಡನೆಯದು ನಾಲಗೆಯನ್ನು ಮೇಲಕ್ಕೆ ಮಡಿಸಿ ಹೇಳುವ ಡಕಾರ. ಇಂಗ್ಲಿಷಿಗೆ ಎರಡೂ ಒಂದೇ. ಹಳಿಯಾಳದ ಎರಡು ಳಕಾರಗಳಿಗೂ ದಾಂಡೇಲಿಯ ಕೊನೆಯ ಲಕಾರಕ್ಕೂ ಅಲ್ಲಿ ಒಂದೇ 'ಎಲ್'. ಇನ್ನು ಮುಂಡಗೋಡದ ಇಂಗ್ಲಿಷ್ ಬರಹದ ಕೊನೆಯ ಮೂರು ಅಕ್ಷರಗಳನ್ನು ಇಂಗ್ಲಿಷಿನವನು ಓದಿದರೆ ಅಲ್ಲಿ ಪರಮೇಶ್ವರನೇ ಪ್ರತ್ಯಕ್ಷನಾಗುತ್ತಾನೆ! 'ಮಂಡ್‌ಗಾಡ್' ಎಲ್ಲಿ ಬರುತ್ತದೆ ಎಂದು ವಿಚಾರಿಸುವ ಪ್ರವಾಸಿಗೆ ಉತ್ತರ ಕೊಡಲು ನಮ್ಮ ಕಂಡಕ್ಟರು ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಇದನ್ನು ಹೇಳಿ ನಗುವುದು ಸುಲಭ. ನಾನೂ ಬಹಳ ಕಾಲ ನಕ್ಕವನೇ. ಕನ್ನಡವನ್ನು ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ. ಇಂಗ್ಲಿಷಿಗೆ ಆ ಭಾಗ್ಯವಿಲ್ಲ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ನಗೆಯನ್ನು ನಿಲ್ಲಿಸಿದವನು ಒಬ್ಬ ವಿದ್ಯಾರ್ಥಿ. ಇಂದಿನ ನನ್ನ ಮಾತು ಅವನಿಂದ ನಾನು ಕಲಿತ ಪಾಠವನ್ನು ಕುರಿತದ್ದು.

ಹಲವು ವರ್ಷಗಳ ಹಿಂದಿನ ಮಾತು. ಮುಂಡಗೋಡದ ಕಡೆಯ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ. ಪ್ರವೇಶದ ದಿನಗಳಲ್ಲಿ ಇಂಗ್ಲಿಷ್ ಕಾಗದಗಳನ್ನು ನೋಡಿ ವಿದ್ಯಾರ್ಥಿಗಳ ಹೆಸರನ್ನು ಕನ್ನಡದಲ್ಲಿ ದಾಖಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ವರ್ಷ ಟಿಬೆಟನ್ ಶಿಬಿರದಿಂದ ಬಂದವರಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಇದ್ದರು. ಅವರ ಹೆಸರುಗಳು ಆ ಶಿಬಿರಗಳಲ್ಲಿ ನೂರಾರು ಜನರಿಗಿರುವ ಹೆಸರುಗಳೇ. ಹುಡುಗನದು ತೆನ್‌ಜಿನ್, ಹುಡುಗಿಯದು ಟಾಶಿ. ಇಂಗ್ಲಿಷಿನಲ್ಲಿ ಎರಡೂ 'ಟಿ' ಅಕ್ಷರದಿಂದ ಆರಂಭವಾಗುತ್ತವೆ. ಇಂಗ್ಲಿಷಿನ 'ಟಿ'ಗೆ ನಮ್ಮ ಕಿವಿಗೆ ಕೇಳಿಸುವುದು ಟಕಾರವೇ ಅಲ್ಲವೇ? ಎರಡನ್ನೂ ಟಕಾರದಿಂದಲೇ ಬರೆದೆ. ಮಾರನೆಯ ದಿನ ಹಾಜರಿ ಕರೆದು ಮುಗಿಸಿದ ಮೇಲೆ ಹುಡುಗ ಮೇಜಿನ ಬಳಿ ಬಂದು ನಿಂತ.

"ಸರ್, ಅವಳದು 'ಟ' ಸರಿ. ನನ್ನದು 'ತ' ಸರ್."

"ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಅಕ್ಷರ ಇದೆಯಲ್ಲಪ್ಪ?" ಎಂದೆ.

"ಇಂಗ್ಲಿಷಿನಲ್ಲಿ ಬೇರೆ ಅಕ್ಷರ ಇಲ್ಲ ಸರ್. ಕನ್ನಡದಲ್ಲಿ ಇದೆ."

ಕನ್ನಡದ ಅಧ್ಯಾಪಕನಿಗೆ ಕನ್ನಡದ ಶಕ್ತಿಯನ್ನು ಒಬ್ಬ ಟಿಬೆಟನ್ ಹುಡುಗ ತಿಳಿಸಿಕೊಟ್ಟಿದ್ದ. ಸಂತೋಷಪಡಬೇಕಾಗಿತ್ತು. ನಾನು ಮಾಡಿದ್ದೇನು? ಕಾಗದದಲ್ಲಿರುವುದೇ ಪ್ರಮಾಣ ಎಂದು ಹೇಳಿ ಪುಸ್ತಕ ಮುಚ್ಚಿದೆ.

ಈಗ ಆ ಹುಡುಗನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ೧೯೫೯ರಲ್ಲಿ ಟಿಬೆಟನ್ನು ಬಿಟ್ಟು ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ, ಅನಂತರ ೧೯೬೬ರಲ್ಲಿ ಮುಂಡಗೋಡದ ಬಳಿಯಲ್ಲಿ ನೆಲೆ ಕೊಟ್ಟಿತು. ಕಾಡು ಕಡಿದು, ಮನೆ ಕಟ್ಟಿ, ಭತ್ತ ಮತ್ತು ಗೋವಿನಜೋಳ ಬೆಳೆದು ಅವರು ಬದುಕನ್ನು ಮತ್ತೆ ಕಟ್ಟಿಕೊಂಡರು. ಲಾಸಾದ ಬಳಿಯಿದ್ದ ಡ್ರೆಪುಂಗ್, ಗಾಂದೆನ್ ಎಂಬ ಎರಡು ಮಹಾವಿಹಾರಗಳ ಭಿಕ್ಷುಗಳು ಬಂಗಾಳದ ಬಕ್ಸಾದಲ್ಲಿ ಹಲವು ವರ್ಷ ಕಳೆದು, ೧೯೭೦ರ ಆಸುಪಾಸಿನಲ್ಲಿ ಇಲ್ಲಿಗೆ ಬಂದು ಅವೇ ಹೆಸರಿನ ವಿಹಾರಗಳನ್ನು ಮತ್ತೆ ಸ್ಥಾಪಿಸಿದರು. ಗಂಟುಮೂಟೆಯಲ್ಲಿ ಅವರು ತಂದದ್ದು ಬಹುಮಟ್ಟಿಗೆ ಗ್ರಂಥಗಳನ್ನು. ನೆನಪಿನಲ್ಲಿ ತಂದದ್ದು ಹೆಸರುಗಳನ್ನು. ನೆಲ ಕಳೆದುಕೊಂಡವನಿಗೆ ಹೆಸರೆಂದರೆ ಏನು ಎಂಬುದನ್ನು ನಾನು ಆಗ ಯೋಚಿಸಿರಲಿಲ್ಲ.

ಐದಾರು ವರ್ಷಗಳ ಮೇಲೆ ಆ ಹುಡುಗ, ಈಗ ಯುವಕ, ನನ್ನ ಮನೆಗೆ ಬಂದ. ಕೈಯಲ್ಲಿ ಒಂದು ಛಾಪಾ ಕಾಗದ. ಕಾಲೇಜಿನ ಪ್ರಮಾಣಪತ್ರದಲ್ಲಿ ನಾನು ಬರೆದ ಟಕಾರದ ಹೆಸರು. ಇನ್ನೊಂದು ಕಚೇರಿಯ ಕಾಗದದಲ್ಲಿ ಅವನು ನುಡಿದಂತೆಯೇ ತಕಾರದ ಹೆಸರು. ಎರಡು ಹೆಸರಿನವರು ಇಬ್ಬರಲ್ಲ, ಒಬ್ಬನೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಬೇಕಾಗಿತ್ತು. ಅವನನ್ನು ಬಲ್ಲವನೆಂದು ನನ್ನ ಸಹಿ ಬೇಕಾಗಿತ್ತು. ಈ ಗೊಂದಲದಿಂದ ವಿದ್ಯಾರ್ಥಿವೇತನದ ಅರ್ಜಿ ಹಿಂದಿರುಗಿ ಒಂದು ವರ್ಷ ಕೈತಪ್ಪಿತ್ತು. ಅವನು ನನ್ನನ್ನು ದೂರಲಿಲ್ಲ. "ಇನ್ನೊಬ್ಬರೂ ತಪ್ಪು ಬರೆದಿದ್ದರೆ ಎರಡೂ ಹೊಂದುತ್ತಿತ್ತು ಸರ್. ಯಾರೋ ಸರಿ ಬರೆದುಬಿಟ್ಟರು" ಎಂದು ನಕ್ಕ. ಆ ನಗೆ ನನಗೆ ಹಿತವಾಗಲಿಲ್ಲ. ಸಹಿ ಹಾಕಿ, "ನಿಮ್ಮ ಅಕ್ಷರಗಳನ್ನು ನನಗೊಂದಿಷ್ಟು ಕಲಿಸು" ಎಂದು ಕೇಳಿದೆ. ಮುಂದಿನ ಹಲವು ಭಾನುವಾರ ಅವನು ಗುರು, ನಾನು ಶಿಷ್ಯ.

ಮೊದಲನೆಯ ಪಾಠದಲ್ಲಿಯೇ ಆಶ್ಚರ್ಯ ಕಾದಿತ್ತು. ಅವನು ಹೇಳಿದ: ಕ, ಖ, ಗ, ಙ, ಚ, ಛ, ಜ, ಞ, ತ, ಥ, ದ, ನ, ಪ, ಫ, ಬ, ಮ. ನಮ್ಮ ಮನೆಯ ಅಂಗಳದಲ್ಲಿಯೇ ಕೇಳಿದಂತಿತ್ತು. ೭ನೆಯ ಶತಮಾನದಲ್ಲಿ ತೋನ್ಮಿ ಸಂಭೋಟನೆಂಬ ಮಂತ್ರಿ ಭಾರತಕ್ಕೆ ಬಂದು ಕಲಿತು, ಇಲ್ಲಿಯ ಲಿಪಿಯ ಮಾದರಿಯಲ್ಲಿ ಟಿಬೆಟನ್ ಲಿಪಿಯನ್ನು ರಚಿಸಿದನೆಂಬುದು ಅವರ ಪರಂಪರೆಯ ಹೇಳಿಕೆ. ಆ ಲಿಪಿಯೂ ನಮ್ಮ ಕನ್ನಡ ಲಿಪಿಯೂ ಬ್ರಾಹ್ಮಿಯ ಸಂತಾನಗಳೇ. ನಮ್ಮ ಮಕ್ಕಳು 'ಕಕ್ಕೆ ಗುಡಿಸು ಕಿ' ಎಂದು ಹಾಡುವಂತೆ ಅವರ ಮಕ್ಕಳು 'ಕ ಗಿಗು ಕಿ' ಎಂದು ಹಾಡುತ್ತಾರೆ. ಗುಡಿಸಿನ ಹೆಸರು ಅವರಲ್ಲಿ ಗಿಗು! ಮೂವತ್ತು ವ್ಯಂಜನ, ನಾಲ್ಕು ಸ್ವರಚಿಹ್ನೆ, ಘಕಾರ, ಭಕಾರಗಳಂಥ ಘೋಷ ಮಹಾಪ್ರಾಣಗಳು ಆ ಮೂವತ್ತರಲ್ಲಿಲ್ಲ, ಟವರ್ಗವೂ ಇಲ್ಲ.

ಇಲ್ಲಿ ನಾನು ತಡೆದೆ. "ಟವರ್ಗ ಇಲ್ಲವೆಂದರೆ ಟಾಶಿ ಎಲ್ಲಿಂದ ಬಂದಳು?"

ಅವನು ಬರೆದು ತೋರಿಸಿದ. ಬಕಾರ, ಕಕಾರ, ಕಕಾರದ ಕೆಳಗೆ ರಕಾರದ ಒತ್ತು. ಬರಹದಂತೆ ಓದಿದರೆ 'ಬ್‌ಕ್ರ'. ನುಡಿಯುವುದು 'ಟ'. ಅನಂತರ 'ಶಿಸ್' ಎಂದು ಬರೆದು 'ಶಿ' ಎಂದ. ಮಂಗಳ ಎಂದು ಅದರ ಅರ್ಥ. ತನ್ನ ಹೆಸರಿನ ಮೊದಲ ಭಾಗವನ್ನು ಬರೆದ: ಬಕಾರ, ಸಕಾರದ ಕೆಳಗೆ ತಕಾರ, ಕೊನೆಗೆ ನಕಾರ. ಬರಹದಲ್ಲಿ 'ಬ್‌ಸ್ತನ್', ನುಡಿಯುವುದು 'ತೆನ್'. ಇಡೀ ಹೆಸರಿಗೆ ಧರ್ಮಶಾಸನವನ್ನು ಧರಿಸಿದವನು ಎಂದು ಅರ್ಥ. ಮುಂಡಗೋಡದ ವಿಹಾರವಾದ ಡ್ರೆಪುಂಗ್ ಎಂಬ ಹೆಸರಿನ ಬರಹದಲ್ಲಿ ಮೂರು ಸಕಾರಗಳಿವೆ. ಮೂರೂ ಕಿವಿಗೆ ಕೇಳಿಸುವುದಿಲ್ಲ. ಅಕ್ಕಿಯ ರಾಶಿ ಎಂಬುದು ಆ ಹೆಸರಿನ ಅರ್ಥ. ಆಂಧ್ರದ ಪ್ರಾಚೀನ ಬೌದ್ಧಕ್ಷೇತ್ರವಾದ ಧಾನ್ಯಕಟಕದ ಹೆಸರಿನ ಅನುವಾದವದು. ದಕ್ಷಿಣದಿಂದ ಹಿಮಾಲಯವನ್ನು ದಾಟಿ ಹೋದ ಹೆಸರು ವೇಷ ಬದಲಿಸಿ ಮತ್ತೆ ದಕ್ಷಿಣದ ಭತ್ತದ ಗದ್ದೆಗಳ ನಡುವೆ ಬಂದು ನಿಂತಿದೆ.

"ಕೇಳಿಸದ ಅಕ್ಷರಗಳನ್ನು ಏಕೆ ಹೊತ್ತುಕೊಂಡಿದ್ದೀರಿ?" ಎಂಬುದು ನನ್ನ ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಆ ಅಕ್ಷರಗಳು ಒಂದು ಕಾಲಕ್ಕೆ ಕೇಳಿಸುತ್ತಿದ್ದವು. ೯ನೆಯ ಶತಮಾನದ ಆರಂಭದಲ್ಲಿ ಟಿಬೆಟಿನ ಅರಸರ ಆಜ್ಞೆಯಿಂದ ಬರಹದ ಕ್ರಮ ನೆಲೆಗೊಂಡಿತು. ನಮ್ಮಲ್ಲಿ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿದ ಶತಮಾನವೂ ಅದೇ. ಬಳಿಕ ಲಾಸಾದ ಜನರ ನಾಲಗೆ ತನ್ನ ದಾರಿ ಹಿಡಿದು ಮುಂದೆ ನಡೆಯಿತು. ಬರಹ ನಿಂತಲ್ಲಿಯೇ ನಿಂತಿತು. ಅಂದರೆ ಮುಂಡಗೋಡದ ಶಿಬಿರದ ಎಳೆಯ ಮಗುವೊಂದು ತನ್ನ ಹೆಸರನ್ನು ಬರೆಯುವಾಗ ಸಾವಿರದ ಇನ್ನೂರು ವರ್ಷಗಳ ಹಿಂದಿನ ಉಚ್ಚಾರಣೆಯನ್ನು ಬರೆಯುತ್ತಿದೆ.

ಮೌನವಾದ ಈ ಅಕ್ಷರಗಳು ಕೇವಲ ಹೊರೆಯೂ ಅಲ್ಲ. ಅವು ಹೋಗುವಾಗ ಗುರುತು ಬಿಟ್ಟು ಹೋಗಿವೆ. ಡ್ರೆಪುಂಗಿನ ಮೊದಲ ಭಾಗವನ್ನು ಬರೆಯುವುದು ಅಕಾರದಿಂದ. ಅದರ ಕೊನೆಯ ಸಕಾರ ಮರೆಯಾಗುವ ಮುನ್ನ ಆ ಅಕಾರವನ್ನು ಎಕಾರ ಮಾಡಿತು. ಇನ್ನೊಂದು ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ನಾವು ಬಾಲ್ಯದಲ್ಲಿ ಕಲಿತು, 'ವಾಙ್ಮಯ'ದಂಥ ಒಂದೆರಡು ಮಾತುಗಳ ಹೊರತು ಜೀವಮಾನವಿಡೀ ಬಳಸದೆ ಬಿಡುವ ಅಕ್ಷರ ಙಕಾರ. ಟಿಬೆಟನ್ ಭಾಷೆಯಲ್ಲಿ 'ಙ' ಎಂದರೆ ನಾನು. ಅದರ ತಲೆಯ ಮೇಲೆ ಒಂದು ಲಕಾರವನ್ನು ಬರೆದರೆ ಐದು ಎಂದು ಅರ್ಥ. ಲಕಾರ ಕೇಳಿಸುವುದಿಲ್ಲ. ಆದರೆ 'ನಾನು' ಎನ್ನುವಾಗ ಧ್ವನಿ ತಗ್ಗಿನಲ್ಲಿರುತ್ತದೆ. 'ಐದು' ಎನ್ನುವಾಗ ಮೇಲಿನ ಸ್ಥಾಯಿಗೆ ಏರುತ್ತದೆ. ಅಕ್ಷರದ ಸದ್ದು ಹೋಗಿ ಅದರ ಶ್ರುತಿ ಉಳಿದಿದೆ. ಸಂಗೀತ ಬಲ್ಲ ನಮ್ಮ ಧಾರವಾಡ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ವಿಚಿತ್ರ ಸಂಗತಿಯೊಂದಿದೆ. ಲಾಸಾದಿಂದ ಬಹುದೂರ ಪಶ್ಚಿಮಕ್ಕೆ, ಕಾರಾಕೋರಂ ಪರ್ವತಗಳ ನಡುವೆ, ಬಾಲ್ತಿ ಎಂಬ ಜನರಿದ್ದಾರೆ. ಅವರ ಭಾಷೆ ಟಿಬೆಟನ್ನಿನ ದಾಯಾದಿ. ಟಿಬೆಟನ್ನರು 'ಗ್‌ಸುಮ್' ಎಂದು ಬರೆದು, ಗಕಾರ ಬಿಟ್ಟು 'ಸುಮ್' ಎಂದು ನುಡಿಯುವ 'ಮೂರು' ಎಂಬ ಮಾತನ್ನು ಬಾಲ್ತಿಯವರು ಹೇಳುವಾಗ ಸಕಾರದ ಹಿಂದೆ ಗಂಟಲಿನ ಒಂದು ಧ್ವನಿ ಇಂದಿಗೂ ಕೇಳಿಸುತ್ತದೆ. ಆದರೆ ಇಸ್ಲಾಂ ಮತವನ್ನು ಸ್ವೀಕರಿಸಿದ ಬಾಲ್ತಿಯವರಲ್ಲಿ ಹಳೆಯ ಲಿಪಿ ಬಳಕೆ ತಪ್ಪಿ, ಪಾರಸಿ ಲಿಪಿಯ ಬರಹ ರೂಢಿಗೆ ಬಂದಿತು. ಬರಹವನ್ನು ಉಳಿಸಿಕೊಂಡವರು ಧ್ವನಿಯನ್ನು ಕಳೆದುಕೊಂಡರು. ಧ್ವನಿಯನ್ನು ಉಳಿಸಿಕೊಂಡವರು ಬರಹವನ್ನು ಬಿಟ್ಟರು.

ಇಂಥದೇ ದಾಯಾದಿ ಸಂಬಂಧ ಯುರೋಪಿನಲ್ಲಿ ಇಂಗ್ಲಿಷಿಗೂ ಡಚ್ ಭಾಷೆಗೂ ಇದೆ. ಮೊಣಕಾಲಿಗೆ ಇಂಗ್ಲಿಷಿನವನು 'ಕೆ' ಅಕ್ಷರದಿಂದ ಆರಂಭಿಸಿ ಬರೆದು 'ನೀ' ಎನ್ನುತ್ತಾನೆ. ಶಾಲೆಯಲ್ಲಿ ಈ ಮೂಕ 'ಕೆ'ಗಾಗಿ ಬೆತ್ತದ ರುಚಿ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಡಚ್ಚರಲ್ಲಿಯೂ ಅದೇ ಮಾತು, ಅದೇ 'ಕೆ'. ಆದರೆ ಅವರು ಸ್ಪಷ್ಟವಾಗಿ 'ಕ್ನೀ' ಎನ್ನುತ್ತಾರೆ. ರಾತ್ರಿಗೆ ಇಂಗ್ಲಿಷಿನಲ್ಲಿ 'ನೈಟ್'. ನಡುವೆ 'ಜಿ', 'ಎಚ್' ಎಂಬ ಎರಡು ಅಕ್ಷರಗಳು ಮೌನವ್ರತ ಹಿಡಿದು ಕುಳಿತಿವೆ. ಡಚ್ಚರ 'ನಾಖ್ತ್' ಎಂಬ ಮಾತಿನಲ್ಲಿ ಆ ಗಂಟಲಿನ ಧ್ವನಿ ಇನ್ನೂ ಜೀವಂತವಾಗಿದೆ. ಇಂಗ್ಲೆಂಡಿನಲ್ಲಿ ಕ್ಯಾಕ್ಸ್‌ಟನ್ನನು ಮುದ್ರಣಾಲಯ ತೆರೆದದ್ದು ೧೪೭೬ರಲ್ಲಿ. ಮುದ್ರಣದಿಂದ ಬರಹ ಕ್ರಮೇಣ ಗಟ್ಟಿಯಾಯಿತು. ನಾಲಗೆ ಮಾತ್ರ ಹರಿಯುತ್ತಲೇ ಹೋಯಿತು. ಡಚ್ಚರಾದರೋ ೧೮೦೪ರಲ್ಲಿ ಸರಕಾರದ ಒಪ್ಪಿಗೆಯಿಂದ ಕಾಗುಣಿತವನ್ನು ಗೊತ್ತುಮಾಡಿದರು. ೧೯೪೭ರಲ್ಲಿ, ಮತ್ತೆ ೧೯೯೫ರಲ್ಲಿ ತಿದ್ದಿಕೊಂಡರು. ೧೯೫೪ರಲ್ಲಿ ಬಂದ ಅವರ ಅಧಿಕೃತ ಪದಪಟ್ಟಿಗೆ ಹಸಿರು ಹೊತ್ತಿಗೆ ಎಂದೇ ಜನರಿಟ್ಟ ಹೆಸರು. ಇಷ್ಟು ತಿದ್ದಿದರೂ ಕೆಲವು ಗಂಟುಗಳನ್ನು ಅವರು ಬೇಕೆಂದೇ ಬಿಡಿಸಲಿಲ್ಲ. 'ಲೈಡನ್' ಎಂದು ಒಂದೇ ಬಗೆಯಾಗಿ ಕೇಳಿಸುವ ಎರಡು ಮಾತುಗಳು ಅವರಲ್ಲಿವೆ. ಒಂದಕ್ಕೆ ಮುನ್ನಡೆಸು ಎಂದೂ ಇನ್ನೊಂದಕ್ಕೆ ನೋವು ಪಡು ಎಂದೂ ಅರ್ಥ. ಎರಡರ ಬರಹ ಬೇರೆ. ಕಿವಿಗೆ ತಿಳಿಯದ್ದನ್ನು ಕಣ್ಣಿಗಾದರೂ ತಿಳಿಸಲೆಂದು ಆ ಭೇದವನ್ನು ಕಾಪಾಡಿಕೊಂಡಿದ್ದಾರೆ.

ಇನ್ನೊಂದು ಮಾತು. ಸೂರ್ಯಕಾಂತಿಯ ಚಿತ್ರಗಳನ್ನು ಬರೆದ ಆ ಡಚ್ ಕಲಾವಿದನನ್ನು ನಾವು ವ್ಯಾನ್‌ಗೋ ಎನ್ನುತ್ತೇವೆ. ಅವನ ನಾಡಿನವರು ಹೇಳುವುದು ಹೆಚ್ಚುಕಡಿಮೆ 'ಫಾನ್ ಖೋಖ್' ಎಂಬಂತೆ. ಡಚ್ಚನ ಹೆಸರನ್ನು ನಾವು ಡಚ್ಚನಿಂದ ಕೇಳಲಿಲ್ಲ, ಇಂಗ್ಲಿಷಿನವನಿಂದ ಕೇಳಿದೆವು. ಮುಂಡಗೋಡದ ಹುಡುಗನಿಗೆ ನಾನು ಮಾಡಿದ ಅನ್ಯಾಯವೂ ಇದೇ ಜಾತಿಯದು. ಅವನು ನನ್ನ ಮೇಜಿನ ಮುಂದೆ ನಿಂತು ತನ್ನ ಹೆಸರನ್ನು ಹೇಳುತ್ತಿದ್ದ. ನಾನು ಅವನನ್ನು ಬಿಟ್ಟು ಇಂಗ್ಲಿಷ್ ಕಾಗದವನ್ನು ಕೇಳುತ್ತಿದ್ದೆ.

ನಮ್ಮ ಸೀಮೆಯ ಮಟ್ಟಿಗೆ ಈ ಬಗೆಯ ಮಧ್ಯಸ್ಥಿಕೆ ಹೊಸದೇನಲ್ಲ. ಪರದೇಶದಿಂದ ಬಂದವರು ಕನ್ನಡದ ಡಕಾರವನ್ನು ರಕಾರವೆಂದು ಕೇಳಿಸಿಕೊಂಡು 'ಕೆನರಾ' ಎಂದರು. ಆ ಹೆಸರನ್ನು ನಾವೇ ಒಪ್ಪಿಕೊಂಡು ಬಹುಕಾಲ ಬಳಸಿದೆವು. ಜೋಯಿಡಾದ ಕಾಡಿನ ನಡುವೆ ಕೊಂಕಣಿಯಾಡುವ ಕುಣಬಿಯರ ಹಳ್ಳಿಗಳಿವೆ. ಕೊಂಕಣಿ ಒಂದೇ ಭಾಷೆ, ಲಿಪಿಗಳು ಹಲವು. ಮನೆ ಎಂಬ ಅರ್ಥದ 'ಘರ್' ಎಂಬ ಮಾತನ್ನು ದೇವನಾಗರಿಯಲ್ಲಿ ಬರೆದರೆ ಕೊನೆಯ ರಕಾರಕ್ಕೆ ಒಂದು ಅಕಾರ ಅಂಟಿಕೊಂಡೇ ಇರುತ್ತದೆ. ನಾಲಗೆ ಅದನ್ನು ನುಡಿಯುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆಯುವವರು ಅರ್ಧಾಕ್ಷರ ಹಾಕಿ, ನುಡಿದಂತೆ 'ಘರ್' ಎಂದೇ ಬರೆಯುತ್ತಾರೆ. ಗೋವೆಯಲ್ಲಿ ರೋಮನ್ ಲಿಪಿಯಲ್ಲಿ ಬರೆಯುವವರು 'ಘೊರ್' ಎಂದು ಬರೆಯುತ್ತಾರೆ. ಬರಹ ಬದಲಾದರೂ ಸಂಜೆಗೆ ದನ ಹಿಂದಿರುಗುವ ಮನೆ ಒಂದೇ.

ಹಾಗಾದರೆ ಬರೆದಂತೆ ಓದುವ ಕನ್ನಡದ ಹೆಮ್ಮೆಯ ಗತಿಯೇನು? ಆ ಹೆಮ್ಮೆಯಲ್ಲಿ ಬಹುಪಾಲು ನಿಜವಿದೆ. ಆದರೆ ಪೂರ್ತಿ ನಿಜವಲ್ಲ. 'ಹೋಗುತ್ತೇನೆ' ಎಂದು ಬರೆಯುವ ನಾವು ಹಳಿಯಾಳದ ಸಂತೆಯಲ್ಲಿ 'ಹೋಗ್ತೇನಿ' ಎನ್ನುತ್ತೇವೆ. 'ಭಾಷೆ' ಎಂದು ಬರೆದು 'ಬಾಶೆ' ಎನ್ನುವವರು ನಮ್ಮಲ್ಲಿ ಕಡಿಮೆಯೇ? ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಹಳಗನ್ನಡದಲ್ಲಿ ಳಕಾರದ ಜೊತೆಗೆ ೞಕಾರವೆಂಬ ಇನ್ನೊಂದು ಅಕ್ಷರವಿತ್ತು. ರಕಾರದ ಜೊತೆಗೆ ಶಕಟರೇಫವೆಂಬ ಱಕಾರವಿತ್ತು. ತಮಿಳು, ಮಲಯಾಳಗಳು ಇವೆರಡನ್ನೂ ಉಳಿಸಿಕೊಂಡಿವೆ. ನಮ್ಮಲ್ಲಿ ಧ್ವನಿ ಅಳಿಯತೊಡಗಿತು. ಯಾವ ಮಾತಿನಲ್ಲಿ ೞಕಾರ ಎಂಬುದು ಬರೆಯುವವರಿಗೆ ತಪ್ಪದಿರಲೆಂದು ೧೩ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಅಂಥ ಮಾತುಗಳ ಪಟ್ಟಿಯನ್ನೇ ಕೊಡಬೇಕಾಯಿತು. ಕೊನೆಗೆ ಧ್ವನಿಯ ಹಿಂದೆಯೇ ಅಕ್ಷರವೂ ಹೋಯಿತು. ಟಿಬೆಟನ್ನರು ಇಟ್ಟುಕೊಂಡದ್ದನ್ನು ನಾವು ಬಿಟ್ಟೆವು.

ಅದರಿಂದ ನಮ್ಮ ಮಕ್ಕಳಿಗೆ ಕಲಿಕೆ ಸುಲಭವಾಯಿತು, ಸಂದೇಹವಿಲ್ಲ. ತೆತ್ತ ಬೆಲೆಯೂ ಇದೆ. ಹಳಗನ್ನಡದಲ್ಲಿ ಳಕಾರದ 'ಬಾಳ್' ಎಂದರೆ ಕತ್ತಿ. ೞಕಾರದ 'ಬಾೞ್' ಎಂದರೆ ಬದುಕು. ಇಂದು ಎರಡಕ್ಕೂ 'ಬಾಳು' ಒಂದೇ. ಕತ್ತಿಯೂ ಬದುಕೂ ಬರಹದಲ್ಲಿ ಒಂದಾದವು. ರಕಾರದ 'ಅರಿ' ಎಂದರೆ ಕತ್ತರಿಸು. ಱಕಾರದ 'ಅಱಿ' ಎಂದರೆ ತಿಳಿ. ಇವೂ ಒಂದಾದವು. ಹಳೆಯ ಕಾವ್ಯವನ್ನು ಕೈಗೆತ್ತಿಕೊಂಡ ನಮ್ಮ ವಿದ್ಯಾರ್ಥಿ ಆ ಅಕ್ಷರಗಳ ಮುಂದೆ ಪರದೇಶಿಯಂತೆ ನಿಲ್ಲುತ್ತಾನೆ. ಟಿಬೆಟನ್ ಮಗು ಏಳೆಂಟು ವರ್ಷದ ಎಳೆತನದಲ್ಲಿ ತೆರುವ ಶ್ರಮವನ್ನು ಕನ್ನಡದ ಮಗು ಇಪ್ಪತ್ತು ವರ್ಷದವನಾದಾಗ ತೆರುತ್ತದೆ. ಅಥವಾ ತೆರದೆಯೇ ಆ ಬಾಗಿಲಿನಿಂದ ಹಿಂದಿರುಗುತ್ತದೆ. ಯಾವುದು ಮೇಲು ಎಂದು ತೀರ್ಪು ಕೊಡುವಷ್ಟು ಧೈರ್ಯ ನನಗಿಲ್ಲ. ಬರಹ ಧ್ವನಿಯನ್ನು ಹಿಂಬಾಲಿಸಿದರೆ ನೆನಪು ಸೊರಗುತ್ತದೆ. ನೆನಪಿಗೆ ಕಟ್ಟುಬಿದ್ದರೆ ಮಕ್ಕಳ ಬೆನ್ನು ಬಾಗುತ್ತದೆ. ಪ್ರತಿಯೊಂದು ಭಾಷೆಯೂ ತನ್ನ ಕೈಲಾದ ಬೆಲೆಯನ್ನು ಕೊಟ್ಟು ತನಗೆ ಬೇಕಾದ್ದನ್ನು ಕೊಂಡಿದೆ. ಒಂದು ಇನ್ನೊಂದನ್ನು ನೋಡಿ ನಗಲು ಕಾರಣವಿಲ್ಲ ಎಂಬಷ್ಟು ಮಾತ್ರ ನನಗೆ ಸ್ಪಷ್ಟವಾಗಿದೆ.

ಇನ್ನೊಂದು ಸಂಗತಿಯೂ ಸ್ಪಷ್ಟವಾಗಿದೆ. ಕನ್ನಡ ಲಿಪಿಗೆ ತಕಾರ ಬೇರೆ, ಟಕಾರ ಬೇರೆ. ದಕಾರ ಬೇರೆ, ಡಕಾರ ಬೇರೆ. ದಾಂಡೇಲಿಯ ಎರಡು 'ಡಿ'ಗಳನ್ನು ಬಿಡಿಸಿ ಹೇಳಬಲ್ಲ ಈ ಲಿಪಿ ತೆನ್‌ಜಿನ್, ಟಾಶಿಯರ ಎರಡು 'ಟಿ'ಗಳನ್ನೂ ಬಿಡಿಸಿ ಹೇಳಬಲ್ಲದು. ಅಂಥ ಲಿಪಿ ಕೈಯಲ್ಲಿದ್ದೂ ನಾನು ತಪ್ಪಿದ್ದು ಅಕ್ಷರದ ಕೊರತೆಯಿಂದಲ್ಲ, ಕಿವಿಯ ಸೋಮಾರಿತನದಿಂದ. ಶಾಲೆಯ ಹಾಜರಿ, ಪಡಿತರದ ಚೀಟಿ, ಮತದಾರರ ಪಟ್ಟಿ, ಜಮೀನಿನ ಪಹಣಿ, ಎಲ್ಲಿಯೇ ಆಗಲಿ, ಒಬ್ಬರ ಹೆಸರನ್ನು ಬರೆಯಲು ಲೇಖನಿ ಎತ್ತಿದವರು ಕಾಗದವನ್ನು ನೋಡುವ ಮೊದಲು ಆ ಮನುಷ್ಯನನ್ನೊಮ್ಮೆ ಕೇಳಬೇಕು. ಸಿದ್ದಿಯಾಗಲಿ, ಕುಣಬಿಯಾಗಲಿ, ಗೌಳಿಯಾಗಲಿ, ಟಿಬೆಟನ್ನನಾಗಲಿ, ತನ್ನ ಹೆಸರಿನ ಉಚ್ಚಾರಣೆಗೆ ಅವನೇ ಪ್ರಮಾಣ.

ನನ್ನ ಶಿಷ್ಯಗುರು ಈಗ ದೂರದ ಊರಿನಲ್ಲಿದ್ದಾನೆ. ಅವನು ಕಲಿಸಿದ ಅಕ್ಷರಗಳಲ್ಲಿ ಅರ್ಧ ನನಗೆ ಮರೆತಿವೆ. ಹಾಜರಿ ಪುಸ್ತಕವನ್ನು ನಾನು ಕೆಳಗಿಟ್ಟೂ ಬಹಳ ಕಾಲವಾಯಿತು. ಆದರೆ ಮೊಮ್ಮಗಳು ಪಾಟಿ ಹಿಡಿದು ಕುಳಿತು ಕವರ್ಗವನ್ನು ಒಪ್ಪಿಸುತ್ತ, ಕೊನೆಯ ಅಕ್ಷರಕ್ಕೆ ಬಂದು, "ಅಜ್ಜಾ, ಈ ಙ ಯಾಕ ಬೇಕು? ಇದು ಎಲ್ಲೂ ಬರೂದಿಲ್ಲಲ್ಲ" ಎಂದು ಕೇಳಿದಾಗ ನನಗೆ ಉತ್ತರ ಸಿದ್ಧವಿತ್ತು. "ಮುಂಡಗೋಡದಾಗ ಬರತದ, ಮಗಾ. ಅಲ್ಲಿ ಒಬ್ಬ ಹುಡುಗ ತನ್ನನ್ನ ತಾನು ಹಂಗ ಕರಕೊಳ್ಳತಿದ್ದ" ಎಂದೆ.